ಬಂಡೆಚಿಪ್ಪಿಗೆ ನೆಲುವು ಹೆಣೆದ ವರ್ಷ

ಹೋದ ಭಾನುವಾರ ನೀವೆಲ್ಲ ಸೇರಿ ನನ್ನನ್ನು ಲಕ್ಕವಳ್ಳಿಗೆ ಕರೆದುಕೊಂಡು ಹೋದಿರಲ್ಲ, ಆಗ ಹೊಳೆಗಿಳಿದಿದ್ದ ಚಿನ್ನು ಕಾಲು ಕೊಯ್ದುಕೊಂಡು ಓಡಿಬಂದು, "ಅಜ್ಜೀ, ಅಲ್ಲಿರೋ ಕಲ್ಲಿಗೆ ಹಲ್ಲಿದೆ!" ಎಂದು ಅತ್ತಳು. ನಾನು ಅವಳ ಕಾಲು ಒರೆಸುವುದನ್ನೂ ಮರೆತು ನಕ್ಕುಬಿಟ್ಟೆ. ಮಗು ಅಳುತ್ತಿದ್ದರೆ ಅಜ್ಜಿ ನಗುತ್ತಾಳಲ್ಲ ಎಂದು ನಿಮಗೆಲ್ಲ ಬೇಸರವಾಯಿತು. ಕಾರಿನಲ್ಲಿ ದಾರಿಯುದ್ದಕ್ಕೂ ಕಾರಣ ಕೇಳಿದಿರಿ. ನನಗೆ ಬಾಯಿಬಿಟ್ಟು ಹೇಳುವುದು ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಮುಖ ನೋಡಿದರೆ ಈ ವಯಸ್ಸಿನಲ್ಲೂ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಆ ಬಂಡೆಯ ಮೇಲೆ ಚಿಪ್ಪು ಇನ್ನೂ ಇದೆಯಲ್ಲ ಎಂಬ ಖುಷಿಗೆ ನಕ್ಕೆ ಮಕ್ಕಳೇ. ಚಿನ್ನುವಿನ ಕಾಲಿಗೆ ಅಲ್ಲ.

ಭದ್ರೆಯ ಅಣೆಕಟ್ಟು ಇನ್ನೂ ಏಳುತ್ತಿದ್ದ ಕಾಲ ಅದು. ನಾನು ಅಜ್ಜಂಪುರದ ಪಕ್ಕದ ಹಳ್ಳಿಯಿಂದ ಮದುವೆಯಾಗಿ ಲಕ್ಕವಳ್ಳಿಗೆ ಬಂದಿದ್ದೆ. ನಮ್ಮ ಕಡೆ ಹೊಲ, ತೆಂಗಿನ ತೋಟ, ಗಾಳಿ. ಇಲ್ಲಿ ಎತ್ತ ನೋಡಿದರೂ ಕಲ್ಲು ಒಡೆಯುವ ಸದ್ದು, ಲಾರಿಯ ಧೂಳು, ಹತ್ತೆಂಟು ಭಾಷೆಯ ಕೂಲಿಗಳು. ತಗಡಿನ ಸೂರಿನ ಸಾಲುಮನೆಗಳಲ್ಲಿ ನಮಗೂ ಒಂದು ಕೊಟ್ಟಿದ್ದರು. ನಿಮ್ಮ ತಾತನಿಗೆ ಅಣೆಕಟ್ಟಿನ ಕೆಲಸವಲ್ಲ, ಮೀನಿನ ಆಫೀಸಿನಲ್ಲಿ ಕೆಲಸ. ಹೊಳೆಯಲ್ಲಿ ಎಲ್ಲೆಲ್ಲಿ ಯಾವ ಮೀನಿದೆ, ಯಾವಾಗ ಮೊಟ್ಟೆ ಇಡುತ್ತದೆ ಎಂದು ನೋಡಿ ಮೇಲಿನವರಿಗೆ ತಿಳಿಸಬೇಕಿತ್ತು. ಅವರೂ ನನ್ನ ಹಾಗೆ ಮಾತು ಕಡಿಮೆಯವರು. ನಮ್ಮಿಬ್ಬರ ಪಾಲಿನ ಮಾತನ್ನೂ ಸೇರಿಸಿ ಆಡುವುದಕ್ಕೆ ನಮ್ಮತ್ತೆ ಇದ್ದರು.

ಅತ್ತೆಗೆ ಎಲೆ ಅಡಿಕೆ ಬಾಯಲ್ಲಿಲ್ಲದಿದ್ದರೆ ಬೆಳಗೇ ಆಗುತ್ತಿರಲಿಲ್ಲ. ಅದಕ್ಕೆ ಚಿಪ್ಪಿನ ಸುಣ್ಣವೇ ಬೇಕು. "ಕಲ್ಲುಸುಣ್ಣ ನಾಲಿಗೆ ಸುಡ್ತದೆ, ಚಿಪ್ಪಿನ ಸುಣ್ಣ ನಾಲಿಗೆ ಸವರ್ತದೆ," ಎನ್ನುತ್ತಿದ್ದರು. ಆ ಸುಣ್ಣವನ್ನು ಮಾಡುತ್ತಿದ್ದವಳು ಹನುಮಕ್ಕ. ಹೊಳೆಯ ದಡದಲ್ಲೇ ಅವಳ ಗುಡಿಸಲು, ಪಕ್ಕದಲ್ಲಿ ಚಿಪ್ಪು ಸುಡುವ ಮಣ್ಣಿನ ಸಣ್ಣ ಗೂಡು. ಗಂಡ ತೀರಿಕೊಂಡ ಮೇಲೆ ಚಿಪ್ಪು ತಂದು ಸುಟ್ಟು, ಸುಣ್ಣವನ್ನು ತರೀಕೆರೆ ಸಂತೆಯಲ್ಲಿ ಮಾರಿ ಬದುಕುತ್ತಿದ್ದಳು. ಬೇರೆ ಜಮೀನಿಲ್ಲ, ಬೇರೆ ಕಸುಬು ತಿಳಿಯದು.

ನಮ್ಮ ಕೆರೆಗಳಲ್ಲಿ ಸಿಗುವ ಕಪ್ಪೆಚಿಪ್ಪು ಕೆಸರಿನಲ್ಲಿ ಮೆಲ್ಲಗೆ ಓಡಾಡಿಕೊಂಡಿರುತ್ತದೆ. ಭದ್ರೆಯ ಈ ಬಂಡೆಚಿಪ್ಪು ಹಾಗಲ್ಲ. ಇದರ ಒಂದು ಹೋಳು ಕಲ್ಲಿಗೆ ಅಂಟಿಕೊಂಡು ಕಲ್ಲೇ ಆಗಿಬಿಡುತ್ತದೆ, ಇನ್ನೊಂದು ಹೋಳು ಮುಚ್ಚಳದ ಹಾಗೆ. ಮರಿಯಾಗಿದ್ದಾಗ ಎಲ್ಲಿ ಕೂರುತ್ತದೋ ಸಾಯುವವರೆಗೂ ಅಲ್ಲೇ. ಹೊಸದಾಗಿ ಗಂಡನ ಮನೆಗೆ ಬಂದಿದ್ದ ನನಗೆ ಅದನ್ನು ಕೇಳಿ ಪಾಪ ಎನಿಸಿತ್ತು.

ಅಣೆಕಟ್ಟಿನ ಕೆಳಗೆ ಹೊಳೆಯಲ್ಲಿ ಅಕ್ಕಪಕ್ಕ ಎರಡು ದೊಡ್ಡ ಬಂಡೆಗಳಿದ್ದವು. ಒಂದರ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಚಿಪ್ಪು. ಅದರ ಸಂದುಗೊಂದುಗಳಲ್ಲಿ ಮೀನುಮರಿಗಳು ಗುಂಪುಗುಂಪಾಗಿ ಅಡಗಿಕೊಂಡಿರುತ್ತಿದ್ದವು. ಹನುಮಕ್ಕ ಮೇಲಿನ ಮುಚ್ಚಳದ ಹೋಳು ಮಾತ್ರ ಬಿಡಿಸಿ ಚಿಪ್ಪು ತರುತ್ತಿದ್ದದ್ದು ಅಲ್ಲಿಂದಲೇ. ಇನ್ನೊಂದು ಬೋಳುಬಂಡೆ. ಕೆಲವು ವರ್ಷದ ಹಿಂದೆ ಗುತ್ತಿಗೆದಾರನೊಬ್ಬ ಗಾರೆಯ ಸುಣ್ಣಕ್ಕೆಂದು ಜನ ಕರೆಸಿ, ಹಾರೆಯಿಂದ ಬುಡಸಮೇತ ಕಿತ್ತು ಗಾಡಿ ತುಂಬಿಸಿದ್ದನಂತೆ. ಆಮೇಲೆ ಅಲ್ಲಿ ಒಂದು ಚಿಪ್ಪೂ ಬೆಳೆದಿರಲಿಲ್ಲ. ಮೀನುಮರಿಯೂ ಆ ಕಡೆ ಸುಳಿಯುತ್ತಿರಲಿಲ್ಲ.

ಆ ವರ್ಷ ಹಸ್ತದ ಮಳೆ ನಿಂತು ಹೊಳೆ ಇಳಿಯುತ್ತಿದ್ದಾಗ ಆಫೀಸಿನ ಸಾಹೇಬರು ನಮ್ಮ ಮನೆಗೆ ಬಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಸಾಹೇಬರು ಕೆಟ್ಟವರಲ್ಲ, ಬಿಸಿಲಿಗೆ ಬೇಗ ಸುಸ್ತಾಗುವ ಮನುಷ್ಯ.

"ನೋಡಿ, ಉಳಿದಿರೋ ಆ ಚಿಪ್ಪುಬಂಡೆಯನ್ನೂ ಹರಾಜು ಹಾಕಬೇಕು ಅಂತ ತರೀಕೆರೆಯಲ್ಲಿ ಮಾತಾಗಿದೆ," ಎಂದರು. "ಚಿಪ್ಪು ಹೇಗೂ ಮುಗಿಯೋ ಪದಾರ್ಥ. ಮುಗಿಯೋ ಮುಂಚೆ ಉಪಯೋಗಕ್ಕೆ ಬರಲಿ ಅಂತಾರೆ."

"ಮುಗಿಯಲ್ಲ ಸಾರ್," ಎಂದರು ನಿಮ್ಮ ತಾತ. "ಬುಡ ಉಳಿಸಿದ್ರೆ ಮತ್ತೆ ಬರುತ್ತೆ."

"ಬೋಳುಬಂಡೆಯಲ್ಲಿ ಯಾಕೆ ಬರಲಿಲ್ಲ ಹಾಗಾದ್ರೆ?"

"ಅಲ್ಲಿ ಮರಿ ಕೂರೋಕೆ ಹಳೇ ಚಿಪ್ಪೇ ಇಲ್ಲ ಸಾರ್. ಕೊಟ್ಟರೆ ಕೂರುತ್ತೆ."

"ಹಾಗಿದ್ರೆ ಕೂರಿಸಿ ತೋರಿಸಿ. ಯುಗಾದಿ ಕಳೆದ ಮೇಲೆ ಹರಾಜು. ಅಷ್ಟರೊಳಗೆ ಬೋಳುಬಂಡೆಯಲ್ಲಿ ಮರಿ ತೋರಿಸಿದ್ರೆ ನಾನೇ ನಿಂತು ಹರಾಜು ತಪ್ಪಿಸ್ತೀನಿ. ಇಲ್ಲದಿದ್ರೆ ನನ್ನ ಕೈಲಿ ಏನೂ ಇಲ್ಲ."

ಅವರು ಹೋದ ಮೇಲೆ ನಿಮ್ಮ ತಾತ ಜಗಲಿಯಲ್ಲೇ ಕೂತು ಯೋಚಿಸಿದರು. ಹಿಂದಿನ ವರ್ಷವೇ ಅವರು ಬೋಳುಬಂಡೆಯ ಸುತ್ತ ಹೊಸ ಕಲ್ಲು, ಹೆಂಚಿನ ಚೂರು ಎಲ್ಲ ಇಳಿಸಿ ನೋಡಿದ್ದರು. ಮೇಲೆ ಕೆಸರು ಕೂತಿತೇ ಹೊರತು ಮರಿ ಕೂರಲಿಲ್ಲ. ಚಿಪ್ಪುಬಂಡೆಯಲ್ಲಾದರೋ ದೊಡ್ಡ ಚಿಪ್ಪಿನ ಬೆನ್ನ ಮೇಲೆ ಸಣ್ಣದು, ಅದರ ಬೆನ್ನ ಮೇಲೆ ಇನ್ನೂ ಸಣ್ಣದು, ಅಜ್ಜಿ ತಾಯಿ ಮಗಳು ಕೂತ ಹಾಗೆ. ಹಳೇ ಚಿಪ್ಪೇ ಬೇಕು ಎನ್ನುವುದು ಅದನ್ನು ನೋಡಿ ಅವರಿಗೆ ಹೊಳೆದಿತ್ತು. ಆದರೆ ಬಿಡಿ ಚಿಪ್ಪನ್ನು ಹೊಳೆಗೆ ಸುರಿದರೆ ನೀರು ಹೊತ್ತುಕೊಂಡು ಹೋಗುತ್ತದೆ. ಚೀಲದಲ್ಲಿ ಕಟ್ಟಿದರೆ ಒಳಗೆ ನೀರಾಡುವುದಿಲ್ಲ.

ಊಟಕ್ಕೆ ಎದ್ದು ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತೇಬಿಟ್ಟರು. ತೊಲೆಯಿಂದ ಮೊಸರಿನ ಗಡಿಗೆ ನೆಲುವಿನಲ್ಲಿ ತೂಗುತ್ತಿತ್ತು. ನಿಮಗೆ ನೆಲುವು ಗೊತ್ತಿಲ್ಲ. ಬೆಕ್ಕಿಗೆ ಎಟುಕದ ಹಾಗೆ ಗಡಿಗೆ ಇಟ್ಟು ತೂಗುಹಾಕುವ ಹಗ್ಗದ ಜಾಲರಿ ಅದು.

"ಇದನ್ನ ಯಾರು ಹೆಣೆದಿದ್ದು?"

"ನಾನೇ," ಎಂದೆ ನೆಲ ನೋಡಿಕೊಂಡು.

"ತೆಂಗಿನ ನಾರಿಂದಾ?"

"ಹೂಂ. ನಮ್ಮೂರಲ್ಲಿ ಎಲ್ಲರಿಗೂ ಬತ್ತದೆ."

"ನೀರಲ್ಲಿ ಕೊಳೆಯಲ್ವಾ?"

"ನಾರನ್ನ ಮೊದಲೇ ನೀರಲ್ಲಿ ನೆನೆಹಾಕೇ ತೆಗೆಯೋದು. ನೀರಿಗೆ ಹೆದರಲ್ಲ."

ಅವರು ಗಡಿಗೆಯನ್ನು ಕೆಳಗಿಳಿಸಿ, ಆ ನೆಲುವನ್ನು ಬಿಚ್ಚಿಕೊಂಡು, ಊಟ ಬಿಟ್ಟು ಹೊಳೆಗೆ ಓಡಿದರು. ಮೊಸರಿಗೆ ಬೆಕ್ಕು ಬಾಯಿ ಹಾಕಿತು. ಅತ್ತೆ ಬೈದರು. ನನಗೋ ಮೈಯೆಲ್ಲ ಹುಮ್ಮಸ್ಸು. ಮದುವೆಯಾದಂದಿನಿಂದ ನನ್ನ ಗಂಡ ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಊರಿಗೆ ಹೇಳಿಕಳಿಸಿದೆವು. ನಮ್ಮಣ್ಣ ಅಜ್ಜಂಪುರದಲ್ಲಿ ನಾರಿನ ಹೊರೆಗಳೊಂದಿಗೆ ರೈಲು ಹತ್ತಿ, ಬೀರೂರಿನಲ್ಲಿ ಬದಲಾಯಿಸಿ, ತರೀಕೆರೆಯಿಂದ ಎತ್ತಿನ ಗಾಡಿಯಲ್ಲಿ ಬಂದ. "ಏನೇ ಶಾರದಿ, ಗಂಡನ್ನ ತೂಗುಹಾಕ್ತೀಯೇನೇ ಇಷ್ಟೊಂದು ನೆಲುವಿನಲ್ಲಿ?" ಎಂದು ನಕ್ಕ. ಸಾಲುಮನೆಗಳ ಹೆಂಗಸರಿಗೆಲ್ಲ ಹೆಣೆಯುವುದನ್ನು ನಾನೇ ಕಲಿಸಿದೆ. ಬಾಯಿಂದ ಹೇಳಲಾಗದ್ದನ್ನು ಕೈಯಿಂದ ತೋರಿಸುವುದು ನನಗೆ ಸುಲಭವಾಯಿತು. ಚಿಪ್ಪು ಕೊಡಬೇಕಾದವಳು ಹನುಮಕ್ಕ. ಅವಳ ಗೂಡಿನ ಪಕ್ಕ ಸುಡುವುದಕ್ಕೆಂದು ಕೂಡಿಟ್ಟ ರಾಶಿ ಇತ್ತು, ಅರ್ಧ ದಡದಲ್ಲಿ, ಅರ್ಧ ನೀರಿನಂಚಿನಲ್ಲಿ, ಪಾಚಿ ಕಟ್ಟಿಕೊಂಡು.

"ಇದನ್ನ ಹೊಳೇಲಿ ಹಾಕಿದ್ರೆ ನಾನು ಈ ವರ್ಷ ಏನು ಸುಡ್ಲಿ ಸ್ವಾಮೀ?" ಎಂದು ಅವಳು ನಿಮ್ಮ ತಾತನನ್ನು ಕೇಳಿದಳು.

"ಹಾಕದೇ ಇದ್ರೆ ಮುಂದಿನ ವರ್ಷದಿಂದ ಏನೂ ಇರಲ್ಲ ಹನುಮಕ್ಕ. ಬಂಡೆ ಹರಾಜಾಗುತ್ತೆ."

ಅವಳು ರಾಶಿಯಿಂದ ಒಂದು ಚಿಪ್ಪು ಎತ್ತಿ ತಿರುವಿ ನೋಡಿದಳು. "ಚಿಪ್ಪು ಸ್ವಾತಿ ಮಳೆ ಹನಿಯಿಂದ ಹುಟ್ಟತದೆ ಅಂತ ನಮ್ಮಪ್ಪ ಹೇಳ್ತಿದ್ದ. ನೀವು ನೋಡಿದ್ರೆ ಚಿಪ್ಪಿಂದ ಚಿಪ್ಪು ಅಂತೀರಿ. ತಗಳಿ, ಏನಾದ್ರೂ ಒಂದಾಗ್ಲಿ," ಎಂದಳು. ಅವಳಿಗೆ ಅದು ಒಂದು ವರ್ಷದ ಊಟ. ಆ ಮಾತು ಕೇಳಿದ ಮೇಲೆ ನನ್ನ ಕೈ ಇನ್ನೂ ಬೇಗಬೇಗ ಹೆಣೆಯಿತು.

ನೆಲುವುಗಳೆಲ್ಲ ಸಿದ್ಧವಾಗಿ ಚಿಪ್ಪು ತುಂಬುವ ದಿನ ಅತ್ತೆ ದಡಕ್ಕೆ ಬಂದರು. ಪಾಚಿ ಹಿಡಿದ ರಾಶಿ ನೋಡಿ ಮೂಗಿಗೆ ಸೆರಗು ಹಿಡಿದರು.

"ಇದೇನ್ರೇ, ಹೊಲಸನ್ನ ಹಂಗೇ ಹೊಳೇಗೆ ಬಿಡ್ತೀರಾ? ಹೊಳೆಗೆ ಕೊಡೋದು ಅಂದ್ರೆ ಗಂಗಮ್ಮಂಗೆ ಬಾಗಿನ ಕೊಟ್ಟಂಗೆ. ಮುತ್ತೈದೆಗೆ ಯಾರಾದ್ರೂ ಕೊಳಕು ಬಾಗಿನ ಕೊಡ್ತಾರೇನ್ರೇ?"

ಹೆಂಗಸರೆಲ್ಲ ಹೌದಲ್ಲ ಎಂದರು. ನನಗೂ ಹೌದೆನ್ನಿಸಿತು. ಬೂದಿ ಬಂತು, ಅಂಟುವಾಳದ ಕಾಯಿ ಬಂತು, ತೆಂಗಿನ ಜುಂಗು ಬಂತು. ಚಿಪ್ಪನ್ನು ಹಿತ್ತಾಳೆ ಪಾತ್ರೆಯ ಹಾಗೆ ತಿಕ್ಕಿದೆವು. ಒಂದೊಂದೂ ಬೆಳ್ಳಗೆ ಹೊಳೆಯತೊಡಗಿತು. ತೊಳೆದ ಚಿಪ್ಪು ತುಂಬಿದ ನೆಲುವಿಗೆಲ್ಲ ಅತ್ತೆ ತಾವೇ ಅರಿಶಿನ ಕುಂಕುಮ ಇಟ್ಟರು. ನಿಮ್ಮ ತಾತ ದೂರದಲ್ಲಿ ನಿಂತು ನೋಡುತ್ತಿದ್ದರು. ಅಷ್ಟು ಜನ ಹೆಂಗಸರ ನಡುವೆ ಬರುವುದಕ್ಕೆ ಅವರಿಗೂ ನಾಚಿಕೆ. ಅದೂ ಅಲ್ಲದೆ, ತೊಳೆದರೆ ಕೆಡುಕು ಎಂದು ಅವರಿಗೂ ತಿಳಿದಿರಲಿಲ್ಲ.

ಬಂಡೆಚಿಪ್ಪಿನ ಅಂಚು ಬಲು ಹರಿತ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬೆರಳೂ ಸೀಳಿತ್ತು. ರಾಶಿ ಇನ್ನೂ ಅರ್ಧ ಉಳಿದಿತ್ತು. ಅಷ್ಟರಲ್ಲಿ ಸ್ವಾತಿ ಮಳೆ ದಬದಬನೆ ಶುರುವಾಯಿತು. "ಸಾಕು ಬಿಡ್ರೇ, ಉಳಿದಿದ್ದನ್ನ ಹಂಗೇ ತುಂಬಿ ಹಿಂದುಗಡೆ ಕಟ್ರಿ. ಗಂಗಮ್ಮ ಮುಂದಿಂದ ನೋಡ್ಲಿ," ಎಂದು ಅತ್ತೆ ಓಡಿದರು. ಹನುಮಕ್ಕನೂ ನಿಮ್ಮ ತಾತನೂ ತೊಳೆದ ನೆಲುವುಗಳನ್ನು ಬೋಳುಬಂಡೆಯ ದಡದ ಕಡೆಗೂ, ತೊಳೆಯದವನ್ನು ಬಂಡೆಯ ಹಿಂದಕ್ಕೂ ಕಟ್ಟಿದರು. ಮಳೆಯಲ್ಲಿ ನೆನೆಯುತ್ತ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಆಮೇಲಿನದು ಕಾಯುವ ಕಾಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ನಾನು ನೀರಿಗೆ ಹೋದಾಗಲೆಲ್ಲ ಬೋಳುಬಂಡೆಯ ಕಡೆ ನೋಡುತ್ತಿದ್ದೆ, ಹಾಲು ಉಕ್ಕುತ್ತದೇನೋ ಎಂದು ಒಲೆ ನೋಡುವ ಹಾಗೆ. ಹನುಮಕ್ಕ ಗೂಡಿಗೆ ಬೆಂಕಿ ಹಾಕದೆ, ಅಣೆಕಟ್ಟಿನ ಕೆಲಸದಲ್ಲಿ ಜಲ್ಲಿ ಹೊತ್ತಳು. ಕಲ್ಲುಸುಣ್ಣ ತಿಂದ ಅತ್ತೆಯ ಬಾಯಿ ಹುಣ್ಣಾಯಿತು. ಶಿವರಾತ್ರಿ ಕಳೆದ ಮೇಲೆ ನಿಮ್ಮ ತಾತ ಮುಂದುಗಡೆಯ ಒಂದು ನೆಲುವನ್ನು ಎತ್ತಿ ನೋಡಿದರು. ಚಿಪ್ಪು ಇಟ್ಟ ಹಾಗೇ ಇತ್ತು. ಇನ್ನೊಂದು ಎತ್ತಿದರು, ಅದೂ ಅಷ್ಟೇ. "ಇನ್ನೂ ಸಮಯ ಇದೆ," ಎಂದರು. ಆದರೆ ಆ ದಿನ ಅವರಿಗೆ ಊಟ ಸೇರಲಿಲ್ಲ.

ಯುಗಾದಿ ಹತ್ತಿರ ಬಂದಾಗ ಸಾಹೇಬರು ಬಂದೇಬಿಟ್ಟರು. ದಡದ ಕಡೆಯ ನೆಲುವುಗಳನ್ನು ಒಂದೊಂದಾಗಿ ಎಳೆಸಿದರು. ಬರೀ ಬಿಳಿ ಚಿಪ್ಪು.

"ಹಿಂದುಗಡೆ ಇನ್ನೂ ಇದೆ ಸಾರ್," ಎಂದರು ನಿಮ್ಮ ತಾತ.

"ಅದೇ ಹೊಳೆ, ಅದೇ ಚಿಪ್ಪು. ಎಲ್ಲಾ ಒಂದೇ ಅಲ್ವೇನ್ರೀ?" ಸಾಹೇಬರು ನಿಮ್ಮ ತಾತನ ಹೆಗಲ ಮೇಲೆ ಕೈಯಿಟ್ಟರು. "ಬೇಜಾರು ಮಾಡ್ಕೋಬೇಡಿ. ಪ್ರಯತ್ನ ಪಟ್ಟಿರಿ, ನಾನೂ ನೋಡಿದೆ. ಮಧ್ಯಾಹ್ನದ ಬಸ್ಸಿಗೆ ತರೀಕೆರೆಗೆ ಹೋಗಿ ಹರಾಜಿಗೆ ಒಪ್ಪಿಗೆ ಹೇಳಿಬಿಡ್ತೀನಿ."

ಇಬ್ಬರೂ ಬಸ್ಸು ನಿಲ್ಲುವ ಕಡೆ ಹೊರಟರು. ನಿಮ್ಮ ತಾತ ಸಾಹೇಬರ ಹಿಂದೆ ತಲೆ ತಗ್ಗಿಸಿ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಹನುಮಕ್ಕ ಅಳಲಿಲ್ಲ. ದಡದಲ್ಲಿ ಕೂತು ಬರಿಗೈಯಲ್ಲಿ ಮರಳು ತೋಡುತ್ತಿದ್ದಳು. ಅತ್ತೆಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ಆಗಿದ್ದಾಯ್ತು ಕಣೇ ಹನುಮಿ. ಹೆಂಗೂ ಮುಗೀತಲ್ಲ, ಆ ಹಿಂದಿನ ನೆಲುವು ಒಂದು ಎಳಿ. ಸುಟ್ಟು ನಂಗೊಂದಿಷ್ಟು ಸುಣ್ಣ ಮಾಡ್ಕೊಡು. ಕಲ್ಲುಸುಣ್ಣ ತಿಂದು ನಾಲಿಗೆ ಸತ್ತೋಗದೆ."

"ಮುಂದಿಂದೇ ಹತ್ರ ಐತಲ್ಲಮ್ಮೋರೇ," ಎಂದಳು ಹನುಮಕ್ಕ.

"ಥೂ, ಅದು ಗಂಗಮ್ಮಂಗೆ ಅರಿಶಿನ ಕುಂಕುಮ ಇಟ್ಟು ಕೊಟ್ಟಿದ್ದು! ಕೊಟ್ಟ ಬಾಗಿನ ಯಾರಾದ್ರೂ ವಾಪಸ್ ಇಸ್ಕೋತಾರಾ? ಹಿಂದಿಂದು ತೊಳೀಲಿಲ್ಲ, ಪೂಜೆ ಮಾಡ್ಲಿಲ್ಲ. ಅದು ಕೊಟ್ಟ ಲೆಕ್ಕವೇ ಅಲ್ಲ, ಇನ್ನೂ ನಮ್ಮದೇ."

ಹನುಮಕ್ಕ ಸೊಂಟದುದ್ದ ನೀರಿಗಿಳಿದು ಬಂಡೆಯ ಹಿಂದಿನಿಂದ ಒಂದು ನೆಲುವು ಎಳೆದುಕೊಂಡು ಬಂದಳು. ಕೆಸರು, ಪಾಚಿ ಸುರಿಯುತ್ತಿತ್ತು. ಜಾಲರಿಯ ಕಣ್ಣಿನಿಂದ ಮೀನುಮರಿಗಳು ಚಿಲಚಿಲನೆ ಜಾರಿ ನೀರಿಗೆ ಬಿದ್ದವು. ಅತ್ತೆ ಒಂದು ಚಿಪ್ಪು ತೆಗೆದು ಕೊಳೆ ಕೆರೆಯಲೆಂದು ಉಗುರು ಹಾಕಿದರು. ಏನೋ ಗಟ್ಟಿಯಾಗಿ ಸಿಕ್ಕಿತು. ಇನ್ನೂ ಒತ್ತಿ ಕೆರೆದರು. ಬರಲಿಲ್ಲ.

"ಇದೇನೇ ಶಾರದಿ, ಗಂಟು ಗಂಟು?"

ನಾನು ಬಗ್ಗಿ ನೋಡಿದೆ. ಹಳೇ ಚಿಪ್ಪಿನ ಬೆನ್ನ ಮೇಲೆ ಅವರೆಕಾಳಿನಷ್ಟು ಒಂದು, ಪಕ್ಕದಲ್ಲಿ ಹೆಸರುಕಾಳಿನಷ್ಟು ಇನ್ನೊಂದು, ಅಂಚಿನಲ್ಲಿ ಮತ್ತೊಂದು. ಒಂದೊಂದಕ್ಕೂ ಪುಟ್ಟ ಮುಚ್ಚಳ. ಬಿಸಿಲು ಬಿದ್ದ ಕೂಡಲೇ ಒಂದು ತನ್ನ ಮುಚ್ಚಳವನ್ನು ಟಪ್ಪನೆ ಮುಚ್ಚಿಕೊಂಡಿತು.

"ಮರಿ!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಹನುಮಕ್ಕಾ, ಮರಿ!"

ಹನುಮಕ್ಕ ಆ ಚಿಪ್ಪನ್ನು ನನ್ನ ಸೆರಗಿಗೆ ಹಾಕಿದಳು. ಅತ್ತೆ, "ಲೇ, ಓಡೇ! ಬಸ್ಸು ಹೊಂಟೋಯ್ತದೆ! ನಿಂತು ಏನು ನೋಡ್ತೀಯೇ!" ಎಂದು ನನ್ನನ್ನು ನೂಕಿದರು.

ಓಡಿದೆ ಮಕ್ಕಳೇ. ಸೆರಗಿನಲ್ಲಿ ಚಿಪ್ಪು ಕಟ್ಟಿಕೊಂಡು, ಸೀರೆಯೆಲ್ಲ ಪಾಚಿ ನೀರು ಮಾಡಿಕೊಂಡು, ಲಾರಿಗಳ ನಡುವೆ, ಕೂಲಿಗಳೆಲ್ಲ ನೋಡುತ್ತಿರುವಾಗ ಓಡಿದೆ. ಹಗಲಿನಲ್ಲಿ ಅಂಗಡಿ ಬೀದಿಗೆ ಒಬ್ಬಳೇ ಹೋಗದವಳು ನಾನು. ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಸಾಹೇಬರು ಮುಂದಿನ ಸೀಟಿನಲ್ಲಿ ಕೂತಿದ್ದರು, ಅವರ ಟ್ರಂಕು ಬಸ್ಸಿನ ನೆತ್ತಿಯ ಮೇಲಿತ್ತು. ನಿಮ್ಮ ತಾತ ಇನ್ನೊಂದು ಬದಿಯ ಕಿಟಕಿಗೆ ಕೈಮುಗಿದು ನಿಂತಿದ್ದವರು ನನ್ನನ್ನು ನೋಡಲೇ ಇಲ್ಲ. ಬಸ್ಸು ಹೊರಟಿತು. ನಾನು ಅದರ ಮುಂದೆ ಹೋಗಿ ನಿಂತೆ.

ಡ್ರೈವರು ಬ್ರೇಕು ಹಾಕಿ ತಲೆ ಹೊರಗೆ ಹಾಕಿದ. "ಏನಮ್ಮಾ, ಸಾಯ್ಬೇಕು ಅಂತ ಆಸೆನಾ? ಹತ್ತೋದಾದ್ರೆ ಹತ್ತು!"

"ನಾನು ಹತ್ತಲ್ಲ," ಎಂದೆ. "ಅವರು ಇಳೀಬೇಕು."

ಬಸ್ಸಿಗೆ ಬಸ್ಸೇ ನಕ್ಕಿತು. ಆದರೂ ಬಾಗಿಲ ಹತ್ತಿರ ಹೋಗಿ ಸೆರಗು ಬಿಚ್ಚಿ ಚಿಪ್ಪನ್ನು ಸಾಹೇಬರ ಮುಂದೆ ಹಿಡಿದೆ. "ಸ್ವಾಮೀ, ಹಿಂದಿಂದು ನೀವು ನೋಡ್ಲಿಲ್ಲ. ಎಲ್ಲಾ ಒಂದೇ ಅಲ್ಲ. ಇಲ್ಲಿ ನೋಡಿ," ಎಂದೆ. ಆ ಡ್ರೈವರನ್ನು ಬಿಟ್ಟರೆ ಪರಪುರುಷರ ಜೊತೆ ನಾನಾಡಿದ ಮೊದಲ ಮಾತು ಅದು. ಅದೂ ಎದುರುಮಾತು.

ಸಾಹೇಬರು ಚಿಪ್ಪು ತೆಗೆದುಕೊಂಡರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಉಗುರಿನಿಂದ ಒಂದು ಮರಿಯನ್ನು ಮೆಲ್ಲಗೆ ಮುಟ್ಟಿದರು. ಅವರ ಮುಖದ ತುಂಬ ನಗು ಹರಡಿತು, ಪಾಸಾದ ಹುಡುಗನ ಮುಖದ ಹಾಗೆ. ಬಸ್ಸಿನಿಂದ ಇಳಿದು ಹೊಳೆಯ ಕಡೆ ದಾಪುಗಾಲು ಹಾಕಿದರು. ಡ್ರೈವರು ಸ್ವಲ್ಪ ಹೊತ್ತು ಕಾದು ಹೊರಟುಹೋದ. ಸಾಹೇಬರ ಟ್ರಂಕು ಒಂದೇ ತರೀಕೆರೆಗೆ ಪ್ರಯಾಣ ಮಾಡಿತು.

ಬೂಟು ಕಾಲಿನಲ್ಲೇ ಅವರು ನೀರಿಗಿಳಿದರು. ಹಿಂದಿನ ನೆಲುವುಗಳನ್ನು ಎತ್ತಿದಷ್ಟಕ್ಕೂ ಮರಿ, ಎತ್ತಿದಷ್ಟಕ್ಕೂ ಮರಿ. ನಿಮ್ಮ ತಾತ ಒಂದು ಚಿಪ್ಪು ಹಿಡಿದುಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"ಇವನ್ನ ಮಾತ್ರ ತೊಳೀಬಾರದು ಅಂತ ಯೋಚನೆ ಮಾಡಿದ್ದು ಯಾರು?" ಎಂದು ಸಾಹೇಬರು ಕೇಳಿದರು.

ಎಲ್ಲರೂ ಅತ್ತೆಯ ಮುಖ ನೋಡಿದೆವು. "ಯೋಚನೆ ಎಲ್ಲಿ ಬಂತು ಸ್ವಾಮೀ, ಕೈ ನೋವಾಯ್ತು, ಮಳೆ ಬಂತು," ಎಂದರು ಅತ್ತೆ. ಸಾಹೇಬರು ನೀರಿನಲ್ಲಿ ನಿಂತೇ ಗಹಗಹಿಸಿ ನಕ್ಕರು. ಆಮೇಲೆ ನಿಧಾನವಾಗಿ ವಿವರಿಸಿದರು. ಹಳೇ ಚಿಪ್ಪಿನ ಮೇಲಿನ ಲೋಳೆ, ಪಾಚಿ, ಒರಟು ಇವೆಲ್ಲ ಮರಿಗೆ ತನ್ನ ಮನೆ ಎನ್ನುವ ಗುರುತು ಇರಬಹುದು. ನಾವು ಬೂದಿ, ಅಂಟುವಾಳ ಹಾಕಿ ಆ ಗುರುತನ್ನೇ ಅಳಿಸಿಬಿಟ್ಟಿದ್ದೆವು. ಬಂಡೆಯ ಹಿಂದೆ ನೀರಿನ ಸೆಳೆತ ಬೇರೆ ಥರ ಇರುವುದೂ ಒಂದು ಕಾರಣವಾಗಿರಬಹುದು, ಖಂಡಿತವಾಗಿ ಹೇಳಬೇಕಾದರೆ ಇನ್ನೂ ನೋಡಬೇಕು ಎಂದರು. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದರು: ಈ ಮರಿಗಳು ಬಂದಿರುವುದು ಪಕ್ಕದ ಚಿಪ್ಪುಬಂಡೆಯಿಂದ. ಅದನ್ನು ಕಿತ್ತರೆ ಬಿತ್ತನೆ ಬೀಜವನ್ನೇ ಹುರಿದು ತಿಂದ ಹಾಗೆ.

ಹರಾಜು ನಿಂತಿತು. ಯುಗಾದಿಯಾದ ಮೇಲೆ ಲಕ್ಕವಳ್ಳಿಯ ಬೀದಿಯಲ್ಲಿ ತಮಟೆಯವನು ಡಂಗುರ ಸಾರಿದ. ಚಿಪ್ಪುಬಂಡೆಗೆ ಯಾರೂ ಹಾರೆ ಹಾಕಕೂಡದು, ಮೇಲಿನ ಮುಚ್ಚಳದ ಹೋಳು ತೆಗೆದರೂ ಬುಡದ ಹೋಳು ಕಲ್ಲಿಗೇ ಬಿಡಬೇಕು, ಒಂದು ಮಗ್ಗುಲಲ್ಲಿ ಈ ವರ್ಷ ತೆಗೆದರೆ ಮುಂದಿನ ವರ್ಷ ಇನ್ನೊಂದು ಮಗ್ಗುಲು. ಹನುಮಕ್ಕ ತಮಟೆಯವನ ಹಿಂದೆಯೇ ಊರೆಲ್ಲ ಸುತ್ತಿ, ಒಂದೇ ಮಾತನ್ನು ಪ್ರತಿ ಬೀದಿಯಲ್ಲೂ ಮೊದಲ ಸಲ ಕೇಳಿದವಳ ಹಾಗೆ ಕೇಳಿದಳಂತೆ.

ಆರಿದ್ರಾ ಮಳೆ ಜೋರಾಗಿ ಹೊಳೆ ಕೆಂಪಗೆ ಏರಿದ ದಿನ ನಾನೂ ಅವಳೂ ದಡದಲ್ಲಿ ನಿಂತಿದ್ದೆವು. ನೀರು ಮೊದಲು ಬೋಳುಬಂಡೆಯನ್ನು ನುಂಗಿತು, ಆಮೇಲೆ ಚಿಪ್ಪುಬಂಡೆಯನ್ನು. ಪ್ರವಾಹದ ಮೇಲೆ ಮರದ ದಿಮ್ಮಿಗಳು ಉರುಳಿಕೊಂಡು ಹೋಗುತ್ತಿದ್ದವು.

"ಎಲ್ಲಾ ಮುಳುಗೋಯ್ತಲ್ಲ ಹನುಮಕ್ಕ," ಎಂದೆ.

ಅವಳು ಮಳೆಗೆ ಹೊದ್ದ ಎಲೆಯ ಗೊರಗ ಸರಿಮಾಡಿಕೊಂಡು, ಹೊಲಕ್ಕೆ ಬೀಜ ಬಿತ್ತಿ ಬಂದವಳ ಹಾಗೆ ನೀರನ್ನು ನೋಡಿದಳು.

"ಮುಳುಗ್ಲಿ ಬಿಡವ್ವಾ," ಎಂದಳು. "ಒಳಗೆ ಕೆಲ್ಸ ನಡೀತೈತೆ."